ಒಂದೇ ಹಡಗಿನ ಪ್ರಯಾಣಿಕರು: ಮದ್ದು ಎಂಬ ಅಮಾನತಿನ ಕುರಿತು

ಅಲ್ಲಾಹನು ಶಮನವನ್ನು ಇಳಿಸದೆ ಯಾವ ರೋಗವನ್ನೂ ಇಳಿಸಿಲ್ಲವೆಂದು ಪ್ರವಾದಿ ಮುಹಮ್ಮದ್(ಸ)ರವರು ಕಲಿಸಿಕೊಟ್ಟಿದ್ದಾರೆ. ಸಹೀಹ್ ಬುಖಾರಿಯಲ್ಲಿ ವರದಿಯಾಗಿರುವ ಈ ಬೋಧನೆಯನ್ನು ಕೇಳದೆ ಬೆಳೆದ ಮಗು ನಮ್ಮ ಮನೆಗಳಲ್ಲಿ ಇರಲಾರದು. ರೋಗಿಯನ್ನು ನೋಡಲು ಹೋದವರು ಇದನ್ನೇ ನೆನಪಿಸುತ್ತಾರೆ. ಶುಕ್ರವಾರದ ಪ್ರವಚನದಲ್ಲಿ ಇದನ್ನೇ ಕೇಳುತ್ತೇವೆ. ನಿರಾಶೆಯ ಗಳಿಗೆಯಲ್ಲಿ ಸತ್ಯವಿಶ್ವಾಸಿಯ ಮನಸ್ಸಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ.

ಆದರೆ ಈ ಬೋಧನೆಯಲ್ಲಿ ಸಾಂತ್ವನದ ಜೊತೆಗೆ ಒಂದು ಹೊಣೆಯೂ ಇದೆ. ಮದ್ದು ಇದೆಯೆಂದಾದರೆ ಅದನ್ನು ಹುಡುಕಬೇಕಾದವರು ಯಾರು? ಹುಡುಕಿ ಸಿಕ್ಕ ಮೇಲೆ ಅದನ್ನು ಕಾಪಾಡಬೇಕಾದವರು ಯಾರು? ಅಲ್ಲಾಹನು ದಯಪಾಲಿಸಿದ ಮದ್ದು ನಮ್ಮ ಕೈಯಲ್ಲಿರುವಾಗಲೇ ಶಕ್ತಿಗುಂದುತ್ತಿದ್ದರೆ ನಾಳೆ ಆತನ ಸನ್ನಿಧಿಯಲ್ಲಿ ಅದರ ಲೆಕ್ಕವನ್ನು ಯಾರಿಂದ ಕೇಳಲಾಗುವುದು? ಕೆಲವು ಕಾಲದಿಂದ ಈ ಪ್ರಶ್ನೆಗಳು ನಮ್ಮನ್ನು ಕಾಡುತ್ತಿವೆ. ಆಂಟಿಬಯಾಟಿಕ್ ಎಂದು ಕರೆಯಲ್ಪಡುವ ಔಷಧಗಳು ರೋಗಾಣುಗಳ ಮುಂದೆ ಸೋಲುತ್ತಿರುವ ಸಂಗತಿಯೇ ಇದಕ್ಕೆ ಕಾರಣ.

ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಈ ಮೂರು ತಾಲೂಕುಗಳ ಜನರಿಗೆ ಘಟಪ್ರಭೆಯ ನೀರು ಸಾಮಾನ್ಯವಾದದ್ದು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ನಿಂತ ನೀರು ಗೋಕಾಕದ ಜಲಪಾತದಲ್ಲಿ ಧುಮುಕಿ ಮೂಡಲಗಿಯ ಕಬ್ಬಿನ ಹೊಲಗಳತ್ತ ಸಾಗುತ್ತದೆ. ನೀರಿನಂತೆಯೇ ನಮ್ಮ ಸಂಬಂಧಗಳೂ ಈ ಮೂರು ಊರುಗಳ ನಡುವೆ ಹರಿದಾಡುತ್ತವೆ. ಹೆಣ್ಣು ಕೊಟ್ಟದ್ದು ಒಂದೂರಿಗೆ, ತಂದದ್ದು ಇನ್ನೊಂದೂರಿನಿಂದ. ಸಂತೆ ಒಂದು ಕಡೆ, ದುಡಿಮೆ ಮತ್ತೊಂದು ಕಡೆ.

ಈ ಪ್ರದೇಶದ ಹಿರಿಯರು ರೋಗವನ್ನು ಬಲ್ಲವರಾಗಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಪ್ಲೇಗು ಬೆಳಗಾವಿ ಜಿಲ್ಲೆಯನ್ನು ವರ್ಷಗಟ್ಟಲೆ ಬಿಡದೆ ಕಾಡಿತು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ದಿನ ದೂಡಿದರು. ಇಂದು ಅದೇ ಪ್ಲೇಗು ತಗುಲಿದರೂ ಸಕಾಲದಲ್ಲಿ ಆಂಟಿಬಯಾಟಿಕ್ ದೊರೆತರೆ ಬಹುಪಾಲು ರೋಗಿಗಳು ಬದುಕುತ್ತಾರೆ. ಬಾಣಂತಿಯ ನಂಜು, ಮಗುವಿನ ನ್ಯುಮೋನಿಯಾ, ಮುಳ್ಳು ಚುಚ್ಚಿದ ಗಾಯದ ಕೀವು, ಇವೆಲ್ಲವೂ ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಮನೆಯಿಂದ ಜನಾಝಾ ಎತ್ತಿಸುವ ಕಾರಣಗಳಾಗಿದ್ದವು. ನಮ್ಮ ಕಾಲಕ್ಕೆ ಅವು ವಾರದೊಳಗೆ ವಾಸಿಯಾಗುವ ಕಾಯಿಲೆಗಳಾದವು. ಅಷ್ಟು ದೊಡ್ಡ ಅನುಗ್ರಹವು ಅಷ್ಟು ಸಣ್ಣ ಗುಳಿಗೆಯಲ್ಲಿ ಅಡಗಿರುವುದರಿಂದಲೇ ಅದರ ಬೆಲೆ ನಮಗೆ ಕಾಣಿಸುವುದಿಲ್ಲ.

ನಮ್ಮ ಊರುಗಳ ಔಷಧ ಅಂಗಡಿಯ ಮುಂದೆ ಸಂಜೆಯ ಹೊತ್ತು ಅರ್ಧ ಗಂಟೆ ನಿಂತರೆ ಒಂದೇ ಮಾತನ್ನು ಹಲವು ಬಾಯಿಗಳಿಂದ ಕೇಳಬಹುದು: "ಅಣ್ಣಾರ, ಚಲೋ ಪವರಿನ ಗುಳಗಿ ಕೊಡ್ರಿ, ನಾಳಿಗೆ ಕೆಲಸಕ್ಕ ಹೋಗಬೇಕ್ರಿ." ಹೀಗೆ ಕೇಳುವವನನ್ನು ಅಜ್ಞಾನಿಯೆಂದು ಜರೆಯುವುದು ಸುಲಭ. ಆದರೆ ಆತನು ಕಬ್ಬು ಕಡಿಯುವವನೋ, ಹಮಾಲನೋ, ಗಾರೆ ಕೆಲಸದವನೋ ಆಗಿರುತ್ತಾನೆ. ಡಾಕ್ಟರರ ಫೀಜು, ರಕ್ತ ಪರೀಕ್ಷೆಯ ಖರ್ಚು, ಒಂದು ದಿನದ ಕೂಲಿ, ಈ ಮೂರನ್ನೂ ಕೂಡಿಸಿ ನೋಡಿದರೆ ಅಂಗಡಿಯ ನಾಲ್ಕು ಗುಳಿಗೆಯೇ ಆತನ ಕೈಗೆಟುಕುವ ವೈದ್ಯ. ಎರಡು ದಿನ ನುಂಗಿದಾಗ ಜ್ವರ ಇಳಿಯುತ್ತದೆ. ಉಳಿದೆರಡು ಗುಳಿಗೆ ಡಬ್ಬಿಯನ್ನು ಸೇರುತ್ತವೆ. ಮುಂದೊಂದು ದಿನ ಪಕ್ಕದ ಮನೆಯ ಮಗುವಿಗೆ ಕೆಮ್ಮು ಬಂದಾಗ ಅದೇ ಡಬ್ಬಿ ಪ್ರೀತಿಯಿಂದ ತೆರೆಯಲ್ಪಡುತ್ತದೆ. ಇದರಲ್ಲಿ ಎಲ್ಲಿಯೂ ಕೆಟ್ಟ ಉದ್ದೇಶವಿಲ್ಲ. ಕೇಡು ಇರುವುದು ಉದ್ದೇಶದಲ್ಲಲ್ಲ, ಪರಿಣಾಮದಲ್ಲಿ.

ನೆಗಡಿ ಮತ್ತು ಸಾಮಾನ್ಯ ಕೆಮ್ಮು ಬಹುತೇಕ ವೈರಸ್‌ಗಳಿಂದ ಬರುತ್ತವೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾ ಎಂಬ ರೋಗಾಣುವನ್ನು ಮಾತ್ರ ಕೊಲ್ಲಬಲ್ಲದು, ವೈರಸ್ಸನ್ನು ಅದು ಮುಟ್ಟುವುದೂ ಇಲ್ಲ. ನೆಗಡಿಗೆಂದು ನುಂಗಿದ ಗುಳಿಗೆಯು ನೆಗಡಿಯನ್ನು ಹಾಗೆಯೇ ಬಿಟ್ಟು, ನಮ್ಮ ಕರುಳಿನಲ್ಲಿ ನೆಲೆಸಿರುವ ಅಸಂಖ್ಯ ಬ್ಯಾಕ್ಟೀರಿಯಾಗಳ ಮೇಲೆ ಎರಗುತ್ತದೆ. ಅವುಗಳಲ್ಲಿ ದುರ್ಬಲವಾದವು ಸಾಯುತ್ತವೆ. ಮದ್ದನ್ನು ತಾಳಿಕೊಳ್ಳುವ ಗುಣವುಳ್ಳ ಕೆಲವು ಉಳಿದುಕೊಳ್ಳುತ್ತವೆ. ಅನುಕೂಲ ಸಿಕ್ಕರೆ ಕೆಲವು ಬ್ಯಾಕ್ಟೀರಿಯಾಗಳು ಇಪ್ಪತ್ತೇ ನಿಮಿಷಗಳಲ್ಲಿ ಇಮ್ಮಡಿಯಾಗುತ್ತವೆ. ಆದ್ದರಿಂದ ಉಳಿದ ಕೆಲವೇ ಕೆಲವು ಅಲ್ಪ ಕಾಲದಲ್ಲಿ ದೊಡ್ಡ ಸೈನ್ಯವಾಗುತ್ತವೆ. ಅಷ್ಟೇ ಅಲ್ಲ, ಮದ್ದನ್ನು ಮುರಿಯುವ ವಿದ್ಯೆಯನ್ನು ಅವು ತಮ್ಮ ಸಂತತಿಗೆ ಮಾತ್ರವಲ್ಲದೆ ನೆರೆಹೊರೆಯ ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ಕೆಲವು ರೋಗಾಣುಗಳು ಔಷಧವನ್ನು ತುಂಡರಿಸುವ ಕಿಣ್ವವನ್ನು ಉತ್ಪಾದಿಸುತ್ತವೆ. ಕೆಲವು ಒಳಗೆ ಬಂದ ಔಷಧವನ್ನು ಪಂಪಿನಂತೆ ಹೊರಗೆ ದೂಡುತ್ತವೆ. ಮತ್ತೆ ಕೆಲವು ಔಷಧವು ಹಿಡಿಯಬೇಕಾದ ಅಂಗವನ್ನೇ ಬದಲಾಯಿಸಿಕೊಳ್ಳುತ್ತವೆ.

ಈ ಮಾತುಗಳೆಲ್ಲ ನಮಗೆ ಪುಸ್ತಕದ ಸಂಗತಿಗಳಾಗಿಯೇ ಉಳಿಯುತ್ತಿದ್ದವೇನೋ. ಆದರೆ ನಮ್ಮ ಖಾಲಾ ಅವರ ಕಾಯಿಲೆಯು ಅವನ್ನು ಮನೆಯೊಳಗೆ ತಂದಿತು. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದ ಅವರಿಗೆ ಒಂದು ರಮಝಾನಿನ ಕೊನೆಯ ದಿನಗಳಲ್ಲಿ ಉರಿಮೂತ್ರ ಆರಂಭವಾಯಿತು. ಈದ್ ಕಳೆಯುವಷ್ಟರಲ್ಲಿ ನಡುಗುವ ಜ್ವರ ಬಂದಿತು. ಸ್ಥಳೀಯ ಡಾಕ್ಟರರು ಕೊಟ್ಟ ಗುಳಿಗೆ ನಾಟಲಿಲ್ಲ, ಬದಲಿಸಿ ಕೊಟ್ಟದ್ದೂ ನಾಟಲಿಲ್ಲ. ಅವರೇ ಸಕಾಲದಲ್ಲಿ ಎಚ್ಚರಿಸಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದರು. ಆ ಪರೀಕ್ಷೆಯಲ್ಲಿ ರೋಗಾಣುವನ್ನು ಬೆಳೆಸಿ, ಯಾವ ಔಷಧಕ್ಕೆ ಅದು ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ಒಂದೊಂದಾಗಿ ನೋಡುತ್ತಾರೆ.

ಎರಡು ದಿನಗಳ ಬಳಿಕ ಬಂದ ಆ ಕಾಗದವನ್ನು ನಾವು ಮನೆಮಂದಿಯೆಲ್ಲ ಸೇರಿ ನೋಡಿದೆವು. ಔಷಧಗಳ ಹೆಸರುಗಳು ಸಾಲಾಗಿದ್ದವು. ಪ್ರತಿ ಹೆಸರಿನ ಮುಂದೆ ಒಂದೊಂದು ಅಕ್ಷರವಿತ್ತು. ಮೇಲಿನಿಂದ ಕೆಳಗೆ ಬಹುತೇಕ ಎಲ್ಲದರ ಮುಂದೆಯೂ 'ಆರ್' ಎಂದಿತ್ತು, ಅಂದರೆ ರೋಗಾಣು ಆ ಔಷಧಕ್ಕೆ ಜಗ್ಗುವುದಿಲ್ಲ ಎಂದು ಅರ್ಥ. ಕೊನೆಯ ಎರಡು ಮೂರು ಹೆಸರುಗಳ ಮುಂದೆ ಮಾತ್ರ 'ಎಸ್' ಎಂದಿತ್ತು. ಅವೆಲ್ಲವೂ ರಕ್ತನಾಳದ ಮೂಲಕವೇ ಕೊಡಬೇಕಾದ ದುಬಾರಿ ಇಂಜೆಕ್ಷನ್‌ಗಳು. ಅದರಲ್ಲೊಂದನ್ನು ಹತ್ತು ದಿನ ಕೊಟ್ಟರು. ಒಂದು ಜೊತೆ ಬಳೆ ಮಾರಿ ಹಣ ಹೊಂದಿಸಿದ್ದಾಯಿತು. ಅಲ್ಲಾಹನ ಅನುಗ್ರಹದಿಂದ ಖಾಲಾ ಮನೆಗೆ ಮರಳಿದರು. ಆದರೆ ಅವರ ಮೂತ್ರಪಿಂಡಗಳು ಮೊದಲಿನಂತಾಗಲಿಲ್ಲ.

ಆಸ್ಪತ್ರೆಯಲ್ಲಿದ್ದಾಗ ನಮ್ಮಲ್ಲೊಬ್ಬರು ಕೇಳಿದ ಪ್ರಶ್ನೆಯೊಂದಿದೆ: "ಇದೂ ನಾಟಲಿಲ್ಲಂದ್ರ ಮುಂದ ಏನೈತ್ರಿ, ಡಾಕ್ಟರ್ ಸಾಹೇಬ್ರ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕೊಡಲು ತಮ್ಮ ಬಳಿ ಹೆಚ್ಚೇನೂ ಉಳಿದಿಲ್ಲವೆಂದರು. ಖಾಲಾ ಹಿಂದೆ ಹೆಚ್ಚು ಗುಳಿಗೆ ನುಂಗಿದ್ದರಿಂದ ಹೀಗಾಯಿತೇ ಎಂದೂ ನಾವು ಕೇಳಿದೆವು. ಹಾಗೆಂದು ಖಚಿತವಾಗಿ ಹೇಳಲಾಗದು, ಇಂತಹ ರೋಗಾಣುವು ಒಂದು ಗುಳಿಗೆಯನ್ನೂ ತಿನ್ನದವರಿಗೂ ನೀರಿನಿಂದ, ಆಹಾರದಿಂದ, ಇನ್ನೊಬ್ಬರ ಕೈಯಿಂದ ಅಂಟಬಹುದು ಎಂದು ಅವರು ವಿವರಿಸಿದರು. ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈ ಮಾತೇ. ಸಕ್ಕರೆ ಕಾಯಿಲೆಯಂತಹ ರೋಗ ಒಬ್ಬರ ಮೈಯಲ್ಲೇ ಇರುತ್ತದೆ. ಔಷಧಕ್ಕೆ ಜಗ್ಗದ ರೋಗಾಣು ಹಾಗಲ್ಲ. ಒಬ್ಬನು ಬೇಕಾಬಿಟ್ಟಿಯಾಗಿ ನುಂಗಿದ ಗುಳಿಗೆಯ ದಂಡವನ್ನು ಆತನನ್ನು ಕಂಡೂ ಕೇಳದ ಇನ್ನೊಬ್ಬನು ತೆರಬೇಕಾಗಬಹುದು.

ಪ್ರವಾದಿ(ಸ)ರವರು ಹೇಳಿದ ಹಡಗಿನ ಉಪಮೆಯು ಇಲ್ಲಿ ನೆನಪಾಗುತ್ತದೆ. ನುಅಮಾನ್ ಬಿನ್ ಬಶೀರ್(ರ)ರಿಂದ ವರದಿಯಾದ ಆ ಹದೀಸಿನ ಸಾರಾಂಶ ಹೀಗಿದೆ. ಕೆಲವರು ಚೀಟಿ ಎತ್ತಿ ಒಂದು ಹಡಗಿನಲ್ಲಿ ಸ್ಥಳ ಹಂಚಿಕೊಂಡರು. ಕೆಲವರಿಗೆ ಮೇಲಿನ ಅಂತಸ್ತು ಸಿಕ್ಕಿತು, ಕೆಲವರಿಗೆ ಕೆಳಗಿನದು. ಕೆಳಗಿನವರು ನೀರಿಗಾಗಿ ಪ್ರತಿಬಾರಿಯೂ ಮೇಲೆ ಹೋಗಬೇಕಾಗಿತ್ತು. ಮೇಲಿನವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆದುಕೊಳ್ಳೋಣ ಎಂದು ಅವರು ಯೋಚಿಸಿದರು. ಮೇಲಿನವರು ಅವರನ್ನು ಹಾಗೆಯೇ ಬಿಟ್ಟರೆ ಎಲ್ಲರೂ ನಾಶವಾಗುವರು, ಕೈಹಿಡಿದು ತಡೆದರೆ ಎಲ್ಲರೂ ಪಾರಾಗುವರು.

ಈ ಹದೀಸನ್ನು ನಾವು ಸಾಮಾನ್ಯವಾಗಿ ಕೆಡುಕನ್ನು ತಡೆಯುವ ಹೊಣೆಯ ಬಗ್ಗೆ ಹೇಳುವಾಗ ಉಲ್ಲೇಖಿಸುತ್ತೇವೆ, ಅದು ಸರಿಯೇ. ಆದರೆ ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ ಎಂದು ನಮಗನಿಸುತ್ತದೆ. ಕೆಳಗಿನ ಅಂತಸ್ತಿನವರು ಕೇಳಿದ್ದು ನೀರನ್ನು. ಬಾಯಾರಿಕೆ ಅವರ ತಪ್ಪಲ್ಲ, ಅವರ ಉದ್ದೇಶವೂ ಕೆಟ್ಟದ್ದಲ್ಲ. ಇನ್ನೊಬ್ಬರಿಗೆ ತೊಂದರೆಯಾಗಬಾರದೆಂದೇ ಅವರು ತೂತು ಕೊರೆಯಲು ಹೊರಟರು. ಹಾಗಾದರೆ ಮೇಲಿನವರ ಕರ್ತವ್ಯವು ಕೈಹಿಡಿದು ತಡೆಯುವುದರಲ್ಲೇ ಮುಗಿಯಿತೇ? ನೀರು ಬೇಕಾದವನ ಕೈಹಿಡಿದವನು ಆ ಕೈಗೆ ನೀರನ್ನೂ ತಲುಪಿಸಬೇಡವೇ? ಗುಳಿಗೆ ಕೇಳಿ ಬಂದ ಕೂಲಿಕಾರನಿಗೆ ಕೊಡುವುದಿಲ್ಲ ಎನ್ನುವುದು ಅರ್ಧ ಕರ್ತವ್ಯ. ಆತನು ಕೂಲಿ ಕಳೆದುಕೊಳ್ಳದೆ ವೈದ್ಯರನ್ನು ಕಾಣುವಂತೆ ಮಾಡುವುದು ಉಳಿದರ್ಧ.

ಈ ಹಡಗು ಎಷ್ಟು ದೊಡ್ಡದೆಂಬುದನ್ನು ಅಂಕಿಅಂಶಗಳು ಹೇಳುತ್ತವೆ. ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಸೋಂಕುಗಳಿಂದ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ನೇರವಾಗಿ ಸಂಭವಿಸಿದ ಸಾವುಗಳು ಸುಮಾರು 12.7 ಲಕ್ಷ. 2023ರಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟ ಬ್ಯಾಕ್ಟೀರಿಯಾ ಸೋಂಕುಗಳ ಪೈಕಿ ಜಗತ್ತಿನಲ್ಲಿ ಆರಕ್ಕೆ ಒಂದು ಔಷಧಕ್ಕೆ ಜಗ್ಗದ್ದಾಗಿತ್ತು, ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯದಲ್ಲಿ ಮೂರಕ್ಕೆ ಒಂದು ಹಾಗಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಹೇಳುತ್ತದೆ. ಹಡಗಿನ ಕೆಳ ಅಂತಸ್ತಿನಲ್ಲಿ ನಾವೇ ಇದ್ದೇವೆ, ನೀರು ಮೊದಲು ನುಗ್ಗುವುದೂ ನಮ್ಮ ಕಾಲ ಬುಡಕ್ಕೆ.

ಹೊಸ ಔಷಧವನ್ನು ಕಂಡುಹಿಡಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಉತ್ತರ ಹೇಳಬೇಕಾದರೆ ಈ ಮದ್ದುಗಳ ಇತಿಹಾಸವನ್ನು ಸ್ವಲ್ಪ ನೋಡಬೇಕು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಲಂಡನ್ನಿನಲ್ಲಿ ಬೂಷ್ಟಿನಿಂದ ಬರುವ ಪೆನ್ಸಿಲಿನ್ನನ್ನು ಗುರುತಿಸಿದರು. ಫ್ಲೋರಿ ಮತ್ತು ಚೇನ್ ಅವರ ತಂಡವು ಅದನ್ನು ಔಷಧವಾಗಿ ಮಾರ್ಪಡಿಸಿತು. ಪೆನ್ಸಿಲಿನ್ ಜನಸಾಮಾನ್ಯರ ಕೈಸೇರುವ ಮುನ್ನವೇ, 1940ರಲ್ಲಿ, ಅದನ್ನು ಮುರಿಯಬಲ್ಲ ಬ್ಯಾಕ್ಟೀರಿಯಾ ಕಿಣ್ವವೊಂದು ವಿಜ್ಞಾನಿಗಳ ಕಣ್ಣಿಗೆ ಬಿದ್ದಿತ್ತು. 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿದ ಫ್ಲೆಮಿಂಗ್ ತಮ್ಮ ಉಪನ್ಯಾಸದಲ್ಲಿ, ಈ ಔಷಧವು ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವ ಕಾಲ ಬಂದರೆ ತಿಳಿಯದವನು ಕಡಿಮೆ ಪ್ರಮಾಣದಲ್ಲಿ ಸೇವಿಸಿ ರೋಗಾಣುವನ್ನು ಬಲಪಡಿಸಬಹುದು, ಅದರಿಂದ ಇನ್ನೊಬ್ಬನು ಸಾಯಬಹುದು ಎಂದು ಎಚ್ಚರಿಸಿದ್ದರು. ಎಂಟು ದಶಕಗಳ ಹಿಂದಿನ ಆ ಎಚ್ಚರಿಕೆಯು ಇಂದಿನ ನಮ್ಮ ಬೀದಿಯನ್ನು ನೋಡಿಯೇ ಹೇಳಿದಂತಿದೆ.

1943ರಲ್ಲಿ ಅಮೆರಿಕದಲ್ಲಿ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ವಿದ್ಯಾರ್ಥಿಯು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೋಮೈಸಿನ್ ಪಡೆದನು. ಕ್ಷಯರೋಗದ ವಿರುದ್ಧ ಪರಿಣಾಮಕಾರಿಯಾದ ಮೊದಲ ಆಂಟಿಬಯಾಟಿಕ್ ಅದೇ. ಹಿಡಿ ಮಣ್ಣಿನೊಳಗೆ ಸೃಷ್ಟಿಕರ್ತನು ಇಟ್ಟಿದ್ದ ಶಿಫಾ ಮನುಷ್ಯನ ಕಣ್ಣಿಗೆ ಬೀಳಲು ಅಷ್ಟು ಶತಮಾನಗಳು ಬೇಕಾದವು. ಆ ಬಳಿಕ ಕೆಲವು ದಶಕಗಳ ಕಾಲ ಮಣ್ಣನ್ನು ಜಾಲಾಡಿ ಒಂದರ ಹಿಂದೊಂದು ಔಷಧ ತೆಗೆದರು. ಆಮೇಲೆ ಸುಲಭವಾಗಿ ಸಿಗುವವು ಮುಗಿದವು. ಹೊಸ ವರ್ಗದ ಔಷಧ ಸಿಗುವುದು ಅಪರೂಪವಾಯಿತು.

ಇದರಲ್ಲಿ ವ್ಯಾಪಾರದ ಲೆಕ್ಕಾಚಾರವೂ ಇದೆ. ರಕ್ತದೊತ್ತಡದ ಗುಳಿಗೆಯನ್ನು ರೋಗಿಯು ಜೀವನಪರ್ಯಂತ ಕೊಳ್ಳುತ್ತಾನೆ. ಆಂಟಿಬಯಾಟಿಕ್ಕನ್ನು ಒಂದು ವಾರ ಮಾತ್ರ ಕೊಳ್ಳುತ್ತಾನೆ. ಅದರಲ್ಲೂ ಹೊಸದಾಗಿ ಬಂದ ಬಲವಾದ ಔಷಧವನ್ನು ಕಷ್ಟಕಾಲಕ್ಕೆಂದು ಕಾದಿರಿಸಬೇಕಾಗುತ್ತದೆ. ಕಡಿಮೆ ಮಾರಾಟವಾಗಬೇಕಾದ ಸರಕಿಗೆ ಬಂಡವಾಳ ಹೂಡುವವರು ಯಾರು? ಅಮೆರಿಕದ ಅಕಾವೊಜೆನ್ ಎಂಬ ಕಂಪನಿಯು 2018ರಲ್ಲಿ ತನ್ನ ಹೊಸ ಆಂಟಿಬಯಾಟಿಕ್‌ಗೆ ಅನುಮತಿ ಪಡೆದು, ಮರುವರ್ಷವೇ ದಿವಾಳಿಯಾಯಿತು. ಬೆಂಗಳೂರಿನಲ್ಲಿ ಕ್ಷಯ ಮತ್ತಿತರ ರೋಗಗಳಿಗೆ ಔಷಧ ಹುಡುಕುತ್ತಿದ್ದ ಆಸ್ಟ್ರಾಜೆನೆಕಾ ಕಂಪನಿಯ ಸಂಶೋಧನಾ ಕೇಂದ್ರವು 2014ರಲ್ಲಿ ಮುಚ್ಚಿತು.

ಹಾಗೆಂದು ಬಾಗಿಲುಗಳೆಲ್ಲ ಮುಚ್ಚಿಲ್ಲ. ಆ ಕೇಂದ್ರದಲ್ಲಿ ದುಡಿದಿದ್ದ ಕೆಲವು ವಿಜ್ಞಾನಿಗಳು ಬೆಂಗಳೂರಿನಲ್ಲೇ ಬಗ್‌ವರ್ಕ್ಸ್ ಎಂಬ ಸಣ್ಣ ಸಂಸ್ಥೆಯ ಮೂಲಕ ಹೊಸ ಬಗೆಯ ಆಂಟಿಬಯಾಟಿಕ್‌ಗಾಗಿ ಹುಡುಕಾಟವನ್ನು ಮುಂದುವರಿಸಿದರು. ಚೆನ್ನೈನ ಆರ್ಕಿಡ್ ಫಾರ್ಮಾದಲ್ಲಿ ಹುಟ್ಟಿದ ಎನ್ಮೆಟಾಜೊಬ್ಯಾಕ್ಟಾಮ್ ಎಂಬ ಅಣುವು ರೋಗಾಣುವಿನ ಕಿಣ್ವವನ್ನು ಕಟ್ಟಿಹಾಕಿ ಹಳೆಯ ಔಷಧವೊಂದಕ್ಕೆ ಮತ್ತೆ ಬಲ ತುಂಬುತ್ತದೆ. ಈ ಜೋಡಿ ಔಷಧಕ್ಕೆ 2024ರ ಫೆಬ್ರವರಿಯಲ್ಲಿ ಅಮೆರಿಕದ ಅನುಮತಿ ದೊರೆಯಿತು. ಇದು ಮೂತ್ರನಾಳದ ಗಂಭೀರ ಸೋಂಕುಗಳಿಗೆ, ಅಂದರೆ ನಮ್ಮ ಖಾಲಾ ಅವರಿಗೆ ಬಂದಂತಹ ಕಾಯಿಲೆಗೆ ಬಳಸುವ ಮದ್ದು. ಅದೇ ವರ್ಷದ ನವೆಂಬರಿನಲ್ಲಿ ಹಬೀಲ್ ಖೋರಾಕಿವಾಲಾ ಅವರು ಸ್ಥಾಪಿಸಿದ ವೊಕಾರ್ಟ್ ಕಂಪನಿಯು ಸರಕಾರದ ಜೈವಿಕ ತಂತ್ರಜ್ಞಾನ ಸಂಸ್ಥೆಯ ನೆರವಿನಿಂದ ರೂಪಿಸಿದ ನ್ಯಾಫಿಥ್ರೊಮೈಸಿನ್ ಎಂಬ ನ್ಯುಮೋನಿಯಾ ಔಷಧವನ್ನು ದೆಹಲಿಯಲ್ಲಿ ಬಿಡುಗಡೆ ಮಾಡಲಾಯಿತು. ದಿನಕ್ಕೊಮ್ಮೆಯಂತೆ ಮೂರೇ ದಿನ ಸೇವಿಸುವ ಈ ಔಷಧದ ಹಿಂದೆ ಹದಿನಾಲ್ಕು ವರ್ಷಗಳ ಸಂಶೋಧನೆಯಿದೆ. ಹದಿನಾಲ್ಕು ವರ್ಷಗಳ ಶ್ರಮದ ಫಲವನ್ನು ನೆಗಡಿಗೆ ನುಂಗಿ ಹಾಳುಮಾಡಲು ಹದಿನಾಲ್ಕು ವರ್ಷ ಬೇಕಾಗುವುದಿಲ್ಲ.

ಇನ್ನೊಂದು ದಾರಿಯು ನದಿ ತೀರದ ಜನರಾದ ನಮಗೆ ಕುತೂಹಲ ಮೂಡಿಸುವಂತಹದು. ಬ್ಯಾಕ್ಟೀರಿಯಾಗಳನ್ನೇ ಬೇಟೆಯಾಡುವ ವೈರಸ್‌ಗಳಿವೆ, ಅವುಗಳಿಗೆ ಫೇಜ್ ಎಂದು ಹೆಸರು. ನದಿಯ ನೀರು, ಮಣ್ಣು, ಚರಂಡಿ, ನಮ್ಮ ಕರುಳು, ಎಲ್ಲೆಲ್ಲಿ ಬ್ಯಾಕ್ಟೀರಿಯಾ ಇದೆಯೋ ಅಲ್ಲೆಲ್ಲ ಅವುಗಳೂ ಇರುತ್ತವೆ. 1896ರಲ್ಲಿ ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿಯು ಗಂಗಾ ಮತ್ತು ಯಮುನಾ ನದಿಗಳ ನೀರಿನಲ್ಲಿ ಕಾಲರಾ ರೋಗಾಣುವನ್ನು ಕೊಲ್ಲುವ ಏನೋ ಒಂದು ಇದೆಯೆಂದು ಬರೆದನು. 1917ರಲ್ಲಿ ಪ್ಯಾರಿಸ್ಸಿನಲ್ಲಿ ಫೆಲಿಕ್ಸ್ ಡಿ'ಹೆರೆಲ್ ಇಂತಹ ಜೀವಿಗಳಿಗೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟನು. ಆಂಟಿಬಯಾಟಿಕ್‌ಗಳು ಬಂದ ಮೇಲೆ ಜಗತ್ತು ಫೇಜ್‌ಗಳನ್ನು ಬಹುಮಟ್ಟಿಗೆ ಮರೆಯಿತು, ಜಾರ್ಜಿಯಾ ದೇಶದ ಟಿಬಿಲಿಸಿಯಂತಹ ಕೆಲವೆಡೆ ಮಾತ್ರ ಆ ಚಿಕಿತ್ಸೆಯನ್ನು ಉಳಿಸಿಕೊಂಡು ಬಂದರು. ಈಗ ಮತ್ತೆ ಜಗತ್ತು ಅತ್ತ ತಿರುಗಿದೆ. ಬೆಂಗಳೂರಿನಲ್ಲಿ 2000ದಲ್ಲಿ ಆರಂಭವಾದ ಗಂಗಾಜೆನ್ ಸಂಸ್ಥೆಯು ಫೇಜ್‌ಗಳ ಮೇಲೆಯೇ ಸಂಶೋಧನೆ ನಡೆಸಿದೆ. ಫೇಜ್ ಚಿಕಿತ್ಸೆಯು ಇನ್ನೂ ಪರೀಕ್ಷೆಯ ಹಂತಗಳಲ್ಲಿದೆ, ಎಲ್ಲರಿಗೂ ಸಿಗುವ ಮದ್ದಾಗಿಲ್ಲ. ಹೊಳೆಯ ನೀರು ಕುಡಿದರೆ ರೋಗ ವಾಸಿಯಾಗುತ್ತದೆಂದು ಇದರಿಂದ ಯಾರೂ ತಿಳಿಯಬಾರದು. ಕುದಿಸದ ಹೊಳೆಯ ನೀರು ಮದ್ದಿಗಿಂತ ರೋಗವನ್ನೇ ಹೆಚ್ಚು ತರುತ್ತದೆ. ಆದರೆ ರೋಗವಿರುವಲ್ಲೇ ಶಮನವನ್ನೂ ಇಟ್ಟ ಸೃಷ್ಟಿಕರ್ತನ ಯುಕ್ತಿಗೆ ಇದೊಂದು ನಿದರ್ಶನವೆಂದು ನಾವು ಖಂಡಿತ ಭಾವಿಸುತ್ತೇವೆ.

ಇಷ್ಟೆಲ್ಲ ಓದಿದ ಮೇಲೆ ಆಂಟಿಬಯಾಟಿಕ್ಕೇ ಬೇಡ ಎಂದು ಹೆದರುವವರೂ ಇದ್ದಾರೆ. ಅದೂ ಅತಿರೇಕ. ನಮ್ಮ ಜಿಲ್ಲೆಯದೇ ಉದಾಹರಣೆಯೊಂದಿದೆ. ಹೆರಿಗೆ ನೋವಿನಲ್ಲಿರುವ ತಾಯಂದಿರಿಗೆ ಎರಡು ಗ್ರಾಂ ಅಝಿಥ್ರೊಮೈಸಿನ್ನನ್ನು ಒಂದೇ ಬಾರಿ ಬಾಯಿಯ ಮೂಲಕ ಕೊಟ್ಟರೆ ಏನಾಗುತ್ತದೆಂದು ಏಳು ದೇಶಗಳಲ್ಲಿ ಪರೀಕ್ಷಿಸಲಾಯಿತು. ಭಾರತದ ಎರಡು ಕೇಂದ್ರಗಳಲ್ಲಿ ಬೆಳಗಾವಿಯೂ ಒಂದಾಗಿತ್ತು. ಇಪ್ಪತ್ತೊಂಬತ್ತು ಸಾವಿರಕ್ಕೂ ಹೆಚ್ಚು ತಾಯಂದಿರು ಭಾಗವಹಿಸಿದ ಈ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ನಂಜಿಗೋ ಸಾವಿಗೋ ತುತ್ತಾದ ತಾಯಂದಿರ ಪ್ರಮಾಣವು ಔಷಧ ಪಡೆಯದವರಲ್ಲಿ ಶೇ. 2.4 ಇದ್ದರೆ, ಪಡೆದವರಲ್ಲಿ ಶೇ. 1.6 ಇತ್ತು. ಸಾವಿರ ತಾಯಂದಿರಲ್ಲಿ ಎಂಟು ಮಂದಿ ಪಾರಾದರು. ನವಜಾತ ಶಿಶುಗಳ ವಿಷಯದಲ್ಲಿ ಮಾತ್ರ ಅಂತಹ ವ್ಯತ್ಯಾಸ ಕಂಡುಬರಲಿಲ್ಲ.

ಈ ಅಝಿಥ್ರೊಮೈಸಿನ್ ಬೇರೆ ಯಾವುದೂ ಅಲ್ಲ, ನಮ್ಮ ಅಂಗಡಿಗಳಲ್ಲಿ ಗಂಟಲು ಕೆರೆತಕ್ಕೆಂದು ಮೂರು ಗುಳಿಗೆಯ ಪಟ್ಟಿಯಾಗಿ ಸಲೀಸಾಗಿ ಕೈದಾಟುವ ಅದೇ ಔಷಧ. ಬಾಣಂತಿಯ ಪ್ರಾಣ ಉಳಿಸಬಲ್ಲ ಮದ್ದನ್ನು ಗಂಟಲ ಕೆರೆತಕ್ಕೆ ಸವೆಸಿಬಿಟ್ಟರೆ ನಾಳೆ ನಮ್ಮ ಮಗಳು ಹೆರಿಗೆ ಕೋಣೆಯಲ್ಲಿರುವಾಗ ಅದು ಅವಳ ಕೈಬಿಡಬಹುದು. ಅಮಾನತು ಎಂಬ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ಅರ್ಥ ನಮಗೆ ಹೊಳೆಯುವುದಿಲ್ಲ. ನಮ್ಮ ವಶದಲ್ಲಿದ್ದು ನಿಜವಾಗಿ ಇನ್ನೊಬ್ಬರಿಗೆ ಸೇರಿದ್ದೇ ಅಮಾನತು.

ಎಲ್ಲವೂ ವಿಧಿಯಲ್ಲವೇ, ಮನುಷ್ಯನ ಕೈಯಲ್ಲೇನಿದೆ ಎಂದು ಕೆಲವರು ಹೇಳುವುದುಂಟು. ಶಾಮ್‌ನಲ್ಲಿ ಪ್ಲೇಗು ಹರಡಿರುವ ಸುದ್ದಿ ಕೇಳಿ ಖಲೀಫಾ ಉಮರ್(ರ)ರವರು ಸರ್ಗ್ ಎಂಬಲ್ಲಿಂದ ತಮ್ಮ ಸಂಗಾತಿಗಳೊಂದಿಗೆ ಮರಳಿದ ಘಟನೆ ನಮಗೆ ತಿಳಿದೇ ಇದೆ. ಅಲ್ಲಾಹನ ವಿಧಿಯಿಂದ ಓಡುವಿರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ತಾವು ಅಲ್ಲಾಹನ ಒಂದು ವಿಧಿಯಿಂದ ಆತನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿರುವುದಾಗಿ ಉಮರ್(ರ) ಉತ್ತರಿಸಿದರು. ರೋಗವು ವಿಧಿಯಾದರೆ ಎಚ್ಚರಿಕೆಯೂ ವಿಧಿಯೇ. ಒಂಟೆಯನ್ನು ಕಟ್ಟಿಹಾಕಿದ ಬಳಿಕವೇ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ(ಸ)ರ ಉಪದೇಶವನ್ನು ಕೇಳಿ ಬೆಳೆದವರಿಗೆ ತವಕ್ಕುಲ್ ಎಂದರೆ ಉದಾಸೀನವಲ್ಲವೆಂದು ಬೇರೆ ಹೇಳಬೇಕಿಲ್ಲ.

ಹಾಗಾದರೆ ನಮ್ಮ ಪಾಲಿನ ಒಂಟೆಯನ್ನು ಕಟ್ಟುವುದೆಂತು? ಮೊದಲನೆಯದಾಗಿ, ವೈದ್ಯವಿದ್ಯೆ ಅರಿಯದೆ ಚಿಕಿತ್ಸೆ ನೀಡಿ ಹಾನಿ ಮಾಡಿದವನೇ ಅದಕ್ಕೆ ಹೊಣೆಗಾರನೆಂದು ಪ್ರವಾದಿ(ಸ)ರವರು ಬೋಧಿಸಿದ್ದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಅಂಗಡಿಯ ಅಣ್ಣನೂ ಡಬ್ಬಿ ತೆರೆದು ಗುಳಿಗೆ ಹಂಚುವ ಪ್ರೀತಿಯ ನೆರೆಯವಳೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ದೇಶದ ಕಾನೂನು ಕೂಡ ಇದನ್ನೇ ಹೇಳುತ್ತದೆ. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಗುಳಿಗೆ ಪಟ್ಟಿಯ ಮೇಲೆ ಉದ್ದಕ್ಕೂ ಕೆಂಪು ಗೆರೆಯಿದ್ದರೆ ಅದು ವೈದ್ಯರ ಸಲಹೆಯಿಲ್ಲದೆ ನುಂಗಬಾರದೆಂಬ ಸೂಚನೆ. ಓದು ಬಾರದ ನಮ್ಮ ಹಿರಿಯರಿಗೂ ಈ ಕೆಂಪು ಗೆರೆಯನ್ನು ತೋರಿಸಿಕೊಡಬಹುದು.

ಎರಡನೆಯದಾಗಿ, ವೈದ್ಯರು ಬರೆದುಕೊಟ್ಟದ್ದನ್ನು ಅವರು ಹೇಳಿದಷ್ಟು ಪ್ರಮಾಣದಲ್ಲಿ, ಹೇಳಿದಷ್ಟು ದಿನ ಸೇವಿಸಬೇಕು. ಜ್ವರ ಬೇಗನೆ ಇಳಿದರೆ ನಿಲ್ಲಿಸಬಹುದೇ ಎಂದು ಅವರನ್ನೇ ಕೇಳಬೇಕು. ಅನಗತ್ಯವಾಗಿ ಬಲವಾದ ಔಷಧವನ್ನೋ ಇಂಜೆಕ್ಷನ್ನನ್ನೋ ಬರೆಯುವಂತೆ ಅವರನ್ನು ಒತ್ತಾಯಿಸಲೂಬಾರದು. ಕ್ಷಯರೋಗದ ವಿಷಯದಲ್ಲಂತೂ ನಡುವೆ ಬಿಡುವುದು ಅಪಾಯಕರ. ಔಷಧಕ್ಕೆ ಜಗ್ಗದ ಕ್ಷಯಕ್ಕೆ ಹಿಂದೆ ಒಂದೂವರೆ ಎರಡು ವರ್ಷಗಳ ಚಿಕಿತ್ಸೆ ಬೇಕಾಗುತ್ತಿತ್ತು. 2024ರಲ್ಲಿ ಭಾರತ ಸರಕಾರವು ಆರು ತಿಂಗಳ ಹೊಸ ಗುಳಿಗೆ ಚಿಕಿತ್ಸೆಗೆ ಅನುಮೋದನೆ ನೀಡಿತು. ಕ್ಷಯದ ಔಷಧ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿಯ ನೆರವೂ ಇದೆ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ಈ ರೋಗವನ್ನು ಮುಚ್ಚಿಡುವುದು ಆ ಹೆಣ್ಣುಮಕ್ಕಳಿಗೇ ಮಾಡುವ ಅನ್ಯಾಯ.

ಮೂರನೆಯದಾಗಿ, ಹಲಾಲ್ ಎಂದರೆ ಝಬಹ್ ಒಂದೇ ಅಲ್ಲ. ಕುರ್‌ಆನ್ ಹಲಾಲ್‌ನ ಜೊತೆಗೆ ತಯ್ಯಿಬ್, ಅಂದರೆ ಶುದ್ಧವೂ ಉತ್ತಮವೂ ಆದ ಆಹಾರವನ್ನು ಹೇಳುತ್ತದೆ. ಕೋಳಿ ಬೇಗ ಬೆಳೆಯಲೆಂದು ಆಂಟಿಬಯಾಟಿಕ್ ಬೆರೆಸಿದ ಮೇವು ಹಾಕಿದರೆ ಔಷಧಕ್ಕೆ ಜಗ್ಗದ ರೋಗಾಣು ಕೋಳಿಗೂಡಿನಲ್ಲೇ ಬೆಳೆಯುತ್ತದೆ. ಮನುಷ್ಯರ ಕೊನೆಯ ಅಸ್ತ್ರಗಳಲ್ಲೊಂದಾದ ಕೊಲಿಸ್ಟಿನ್ ಔಷಧವನ್ನು ಕೋಳಿ ಮತ್ತಿತರ ಆಹಾರಪ್ರಾಣಿಗಳಿಗೆ ಬಳಸುವುದನ್ನು ಭಾರತ ಸರಕಾರವು 2019ರಲ್ಲಿ ನಿಷೇಧಿಸಿತು. ಕೆಚ್ಚಲು ಬಾವಿಗೆ ಔಷಧ ಕೊಟ್ಟ ಎಮ್ಮೆಯ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಮಾರಬಾರದು. ಆ ದಿನಗಳ ಹಾಲನ್ನು ಡೇರಿಗೆ ಹಾಕಿದರೆ ಅದೂ ಅಳತೆ ತೂಕದಲ್ಲಿ ಮಾಡುವ ಮೋಸದ ಸಾಲಿಗೇ ಸೇರುತ್ತದೆಂಬುದು ನಮ್ಮ ಭಾವನೆ. ಕೋಳಿ ಸಾಕುವ, ಎಮ್ಮೆ ಕಟ್ಟುವ, ಮಾಂಸದ ವ್ಯಾಪಾರ ಮಾಡುವ ಸಹೋದರರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ ಈ ಹೊಣೆ ನಮಗೆ ಇನ್ನಷ್ಟು ಹತ್ತಿರದ್ದು.

ನಾಲ್ಕನೆಯದು, ರೋಗವೇ ಬಾರದಂತೆ ನೋಡಿಕೊಳ್ಳುವುದು. ತಡೆಯಲ್ಪಟ್ಟ ಪ್ರತಿಯೊಂದು ಸೋಂಕೂ ಉಳಿತಾಯವಾದ ಒಂದು ಔಷಧ. ಶುಚಿತ್ವವನ್ನು ಈಮಾನಿನ ಭಾಗವಾಗಿಸಿದ ಧರ್ಮ ನಮ್ಮದು. ದಿನಕ್ಕೈದು ಬಾರಿ ವುಝೂ ಮಾಡುವ ಕೈಗಳು ಶೌಚದ ಬಳಿಕ, ಅಡುಗೆಗೆ ಮುನ್ನ, ರೋಗಿಯನ್ನು ಮುಟ್ಟಿದ ಬಳಿಕ ಸಾಬೂನನ್ನು ಮರೆಯಬಾರದು. ಮಕ್ಕಳಿಗೆ ಲಸಿಕೆ ಹಾಕಿಸುವುದೂ ಇದೇ ಸಾಲಿಗೆ ಸೇರುತ್ತದೆ. ದಡಾರ, ನ್ಯುಮೋನಿಯಾಗಳ ಲಸಿಕೆ ಪಡೆದ ಮಗುವಿಗೆ ಆಂಟಿಬಯಾಟಿಕ್ ಬೇಕಾಗುವ ಸಂದರ್ಭಗಳೇ ಕಡಿಮೆ.

ಇನ್ನು ಮೇಲಿನ ಅಂತಸ್ತಿನವರ ಕರ್ತವ್ಯ. ನಮ್ಮ ಜಮಾಅತುಗಳು ಮದುವೆ, ಮದ್ರಸಾ, ಕಬರಸ್ತಾನದ ವ್ಯವಸ್ಥೆಯನ್ನು ಶ್ರದ್ಧೆಯಿಂದ ನೋಡಿಕೊಳ್ಳುತ್ತವೆ. ಝಕಾತ್ ಮತ್ತು ಸದಕಾದ ಒಂದು ಪಾಲಿನಿಂದ ಬಡರೋಗಿಯ ಡಾಕ್ಟರ್ ಫೀಜನ್ನು, ಕಲ್ಚರ್ ಪರೀಕ್ಷೆಯ ಖರ್ಚನ್ನು ಭರಿಸುವ ವ್ಯವಸ್ಥೆಯೂ ಆಗಬಾರದೇಕೆ? ಪದವಿ ಪಡೆದ ನಮ್ಮ ಯುವ ವೈದ್ಯರು ತಿಂಗಳಿಗೊಂದು ದಿನ ಮಸೀದಿಯ ಅಂಗಳದಲ್ಲಿ ಕುಳಿತರೆ ಎಷ್ಟೋ ಮಂದಿ ಅಂಗಡಿಯ ಗುಳಿಗೆಯಿಂದ ಪಾರಾಗುವರು. ವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳು ಸೂಕ್ಷ್ಮಜೀವಿಶಾಸ್ತ್ರವನ್ನೋ ಔಷಧಶಾಸ್ತ್ರವನ್ನೋ ಆರಿಸಿಕೊಂಡರೆ ಅದನ್ನು ಇಬಾದತ್ ಎಂದೇ ಪ್ರೋತ್ಸಾಹಿಸಬೇಕು. ಸಿಡುಬಿಗೂ ದಡಾರಕ್ಕೂ ಇರುವ ವ್ಯತ್ಯಾಸವನ್ನು ವಿವರವಾಗಿ ಬರೆದಿಟ್ಟ ಅರ್‌ರಾಝಿಯ ಪರಂಪರೆಯವರೆಂದು ನಾವು ಹೆಮ್ಮೆಪಡುತ್ತೇವೆ. ಆ ಪರಂಪರೆಯನ್ನು ಮುಂದುವರಿಸುವವರು ನಮ್ಮ ಮನೆಗಳಿಂದಲೂ ಹೊರಡಬೇಕು. ಬೆಳಗಾವಿಯಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯಿದೆ. ಸಂಶೋಧನೆ ಎಂಬುದು ದೂರದ ದೇಶಗಳಲ್ಲಿ ಮಾತ್ರ ನಡೆಯುವಂತಹದಲ್ಲ.

ಪ್ರತಿ ರೋಗಕ್ಕೂ ಶಮನವಿದೆಯೆಂಬ ವಾಗ್ದಾನವು ಹುಡುಕುವವರಿಗೆ ಧೈರ್ಯವನ್ನು ಕೊಡುತ್ತದೆ. ಹುಡುಕಿ ದೊರೆತದ್ದನ್ನು ಕಾಪಾಡುವ ಹೊಣೆಯನ್ನು ನಮ್ಮೆಲ್ಲರಿಗೂ ಹೊರಿಸುತ್ತದೆ. ಹಡಗು ಒಂದೇ, ಹಿಂದೂ, ಮುಸ್ಲಿಮ್, ಬಡವ, ಸಿರಿವಂತ ಎಂಬ ಬೇಧವನ್ನು ಅದರ ತಳದ ತೂತು ನೋಡುವುದಿಲ್ಲ.

ರೋಗಿಗಳಿಗೆ ಅಲ್ಲಾಹನು ಶಿಫಾ ಕರುಣಿಸಲಿ. ಪ್ರಯೋಗಾಲಯಗಳಲ್ಲಿ ಮದ್ದಿಗಾಗಿ ರಾತ್ರಿ ಹಗಲು ಶ್ರಮಿಸುವವರಿಗೆ, ಅವರು ಯಾವ ನಾಡಿನವರೇ ಆಗಿರಲಿ, ದಾರಿಯನ್ನು ತೆರೆಯಲಿ. ಕೊಟ್ಟ ಮದ್ದನ್ನು ಅಮಾನತೆಂದು ಕಾಪಾಡಿ ಮುಂದಿನ ಪೀಳಿಗೆಗೆ ಒಪ್ಪಿಸುವ ವಿವೇಕವನ್ನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.